ಮೊದಲ ಕತ್ತರಿ ಕಾಗದಕ್ಕೆ: ಮಗುವಿನ ಕೋಟು ಮನೆಯಲ್ಲೇ ಹೊಲಿಯುವ ಬಗೆ

ಹೊಲಿಗೆಯನ್ನು ಕುರಿತು ಸಂವಾದ ಕಾರ್ಯಕ್ರಮ ಮಾಡಿದಾಗಲೆಲ್ಲ ವೀಕ್ಷಕರಿಂದ ತಪ್ಪದೆ ಬರುವ ಪ್ರಶ್ನೆಯೊಂದಿದೆ. ಫ್ರಾಕು, ಲಂಗ, ಪೈಜಾಮ ಹೊಲಿದು ಅಭ್ಯಾಸವಿದೆ. ಮಗುವಿಗೆ ಒಂದು ಉಣ್ಣೆಯ ಕೋಟನ್ನು ಮನೆಯಲ್ಲೇ ಹೊಲಿಯಬಹುದೇ ಎಂಬುದು ಆ ಪ್ರಶ್ನೆ. ಖಂಡಿತ ಹೊಲಿಯಬಹುದು. ಬೀದರ, ವಿಜಯಪುರದ ಕಡೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಮಡಿಕೇರಿ, ಚಿಕ್ಕಮಗಳೂರಿನ ಚಳಿಯನ್ನು ಕೇಳುವುದೇ ಬೇಡ. ಅಲ್ಲೆಲ್ಲ ಮಕ್ಕಳಿಗೆ ಕೋಟು ಅಗತ್ಯದ ಉಡುಪು. ಮನೆಯಲ್ಲೇ ಹೊಲಿಯಲು ಬೇಕಾದುದು ಒಂದು ಸಾಧಾರಣ ಹೊಲಿಗೆ ಯಂತ್ರ, ಇಸ್ತ್ರಿ ಪೆಟ್ಟಿಗೆ, ಒಂದಿಷ್ಟು ತಾಳ್ಮೆ ಮತ್ತು ಒಂದು ಕಾಗದದ ನಮೂನೆ, ಅಂದರೆ ಪೇಪರ್ ಪ್ಯಾಟರ್ನ್.

ಈ ಕೊನೆಯದನ್ನೇ ನಾವು ಹಗುರವಾಗಿ ಕಾಣುತ್ತೇವೆ. ನಾನೂ ಹಾಗೆಯೇ ಕಂಡವರ ಪೈಕಿ. ಕೆಲವು ವರ್ಷಗಳ ಹಿಂದೆ, ನನ್ನ ಮಗಳಿಗೆ ಆರು ವರ್ಷವಾಗಿದ್ದಾಗ, ಅಮ್ಮ ಟ್ರಂಕಿನಿಂದ ತೀರಿಹೋದ ಅಪ್ಪನ ಉಣ್ಣೆಯ ಕೋಟು ತೆಗೆದುಕೊಟ್ಟರು. ನುಸಿ ಗುಳಿಗೆಯ ವಾಸನೆ ಬಿಟ್ಟರೆ ಬಟ್ಟೆಗೆ ಏನೂ ಆಗಿರಲಿಲ್ಲ. "ಮಗೂಗೆ ಇದರಲ್ಲೊಂದು ಕೋಟು ಹೊಲಿ. ಆದ್ರೆ ನೋಡು, ಇಂಥ ಬಟ್ಟೆ ಮತ್ತೆ ಸಿಗಲ್ಲ, ಮೊದಲು ಕಾಗದದಲ್ಲಿ ಕತ್ತರಿಸಿ ನೋಡ್ಕೋ" ಎಂದರು. ನಾನು ನಮೂನೆಯನ್ನೇನೋ ತಂದೆ. ಆದರೆ ಅದರಲ್ಲಿದ್ದ ಸೂಚನೆಗಳನ್ನು ಅರ್ಧಂಬರ್ಧ ಓದಿ ಕತ್ತರಿ ಹಿಡಿದೆ. ಅದರಿಂದ ಏನಾಯಿತೆಂದು ಮುಂದೆ ಹೇಳುತ್ತೇನೆ.

ನಮೂನೆ ಎಂದರೇನು?

ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ಬಿಡಿಸಿ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಲು ಯತ್ನಿಸಿ. ಅದು ಅಲ್ಲಲ್ಲಿ ಹರಿಯುತ್ತದೆ. ಗುಂಡಾದ ಮೈಯನ್ನು ಸಪಾಟು ಮಾಡಬೇಕಾದರೆ ಎಲ್ಲೋ ಒಂದು ಕಡೆ ಸೀಳಲೇಬೇಕು. ಕೋಟು ಹೊಲಿಯುವುದು ಇದರ ತಿರುಗುಮುರುಗು ಕೆಲಸ. ಸಪಾಟಾದ ಬಟ್ಟೆಯ ತುಂಡುಗಳನ್ನು ಜೋಡಿಸಿ ಮಗುವಿನ ಭುಜ, ಬೆನ್ನು, ತೋಳುಗಳ ಗುಂಡಗಿನ ಆಕಾರ ಬರಿಸಬೇಕು. ಯಾವ ತುಂಡು ಯಾವ ಆಕಾರದಲ್ಲಿರಬೇಕೆಂದು ಮೊದಲೇ ಲೆಕ್ಕ ಹಾಕಿ ಬರೆದ ನಕ್ಷೆಯೇ ನಮೂನೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ದರ್ಜಿ ಎಬೆನೀಜರ್ ಬಟ್ಟರಿಕ್ 1863ರಲ್ಲಿ ಬೇರೆ ಬೇರೆ ಅಳತೆಯ ಕಾಗದದ ನಮೂನೆಗಳನ್ನು ಮಾರಾಟಕ್ಕೆ ತಂದ. ಅದಕ್ಕೂ ಮುಂಚೆ ನಮೂನೆಗಳು ಇರಲಿಲ್ಲವೆಂದಲ್ಲ. ಆದರೆ ಅವು ಸಾಮಾನ್ಯವಾಗಿ ಒಂದೇ ಅಳತೆಯವು, ಹಿಗ್ಗಿಸುವುದೂ ಕುಗ್ಗಿಸುವುದೂ ಹೊಲಿಯುವವರ ತಲೆನೋವಾಗಿತ್ತು. ಬಟ್ಟರಿಕ್ ಮೊದಮೊದಲು ಮಾರಿದ್ದು ಗಂಡಸರ ಮತ್ತು ಹುಡುಗರ ಉಡುಪಿನ ನಮೂನೆಗಳನ್ನೇ. ಇಂದು ಲಕೋಟೆಯಲ್ಲಿ ಬರುವ ನಮೂನೆಗಳ ಜೊತೆಗೆ, ಕಂಪ್ಯೂಟರಿನಿಂದ ಹಾಳೆ ಹಾಳೆಯಾಗಿ ಮುದ್ರಿಸಿ ಅಂಟಿಸಿಕೊಳ್ಳುವ ನಮೂನೆಗಳೂ ಸಿಗುತ್ತವೆ. ಹೀಗೆ ಮುದ್ರಿಸುವವರು ಹಾಳೆಯಲ್ಲಿರುವ ಪರೀಕ್ಷಾ ಚೌಕವನ್ನು ಸ್ಕೇಲಿನಿಂದ ಅಳೆಯಲು ಮರೆಯಬಾರದು. ಮುದ್ರಣ ಯಂತ್ರ ಚಿತ್ರವನ್ನು ನೂರಕ್ಕೆ 95ರಷ್ಟು ಕುಗ್ಗಿಸಿದರೂ 74 ಸೆಂ.ಮೀ. ಇರಬೇಕಾದ ಎದೆ ಸುತ್ತಳತೆ ಸುಮಾರು 70 ಸೆಂ.ಮೀ.ಗೆ ಇಳಿಯುತ್ತದೆ.

ಅಳತೆ ಮತ್ತು ಸಡಿಲು

ಮಗುವಿನ ವಯಸ್ಸು ನೋಡಿ ನಮೂನೆ ಆರಿಸಬೇಡಿ, ಮೈಯನ್ನು ಅಳೆದು ಆರಿಸಿ. ಎದೆ ಸುತ್ತು, ಬೆನ್ನಿನ ಅಗಲ, ಕತ್ತಿನ ಬುಡದಿಂದ ಕೋಟಿನ ಉದ್ದ, ಮೊಣಕೈ ಸ್ವಲ್ಪ ಮಡಿಸಿದಾಗ ಭುಜದಿಂದ ಮಣಿಕಟ್ಟಿನವರೆಗಿನ ತೋಳು – ಈ ನಾಲ್ಕು ಅಳತೆ ಸಾಕು. ಯೂರೋಪಿನ ನಮೂನೆಗಳಲ್ಲಿ ಮಕ್ಕಳ ಅಳತೆಯನ್ನು ಎತ್ತರದಿಂದಲೇ ಗುರುತಿಸುತ್ತಾರೆ: 104, 110, 116, 122 ಹೀಗೆ 6 ಸೆಂ.ಮೀ.ಗೆ ಒಂದು ಮೆಟ್ಟಿಲು. ಶಾಲೆಗೆ ಹೋಗುವ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುವುದರಿಂದ ಒಂದು ಮೆಟ್ಟಿಲೆಂದರೆ ಹೆಚ್ಚುಕಡಿಮೆ ಒಂದು ವರ್ಷ.

ಇನ್ನು ಸಡಿಲು. ಕೋಟನ್ನು ಸ್ವೆಟರಿನ ಮೇಲೆ ತೊಡಬೇಕು, ಮಗು ಕೈ ಎತ್ತಬೇಕು, ಓಡಬೇಕು. ಎದೆ ಸುತ್ತು 58 ಸೆಂ.ಮೀ. ಇದ್ದರೆ ಸಿದ್ಧವಾದ ಕೋಟು 72ರಿಂದ 74 ಸೆಂ.ಮೀ. ಇರಲಿ. ಬೆಚ್ಚಗಿರಲೆಂದು ಮೈಗಂಟುವಂತೆ ಹೊಲಿದರೆ ಫಲ ಉಲ್ಟಾ. ಚಳಿ ತಡೆಯುವುದು ಬಟ್ಟೆಯ ಎಳೆಗಳ ನಡುವೆ ಮತ್ತು ಪದರಗಳ ನಡುವೆ ನಿಂತ ಗಾಳಿ. ಬಿಗಿಯಾದ ಕೋಟಿನೊಳಗೆ ಆ ಗಾಳಿಗೆ ಜಾಗವೇ ಇರುವುದಿಲ್ಲ.

ಮಾರ್ಜಿನ್ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಅಮೆರಿಕದ ಲಕೋಟೆ ನಮೂನೆಗಳಲ್ಲಿ ಸಾಮಾನ್ಯವಾಗಿ ಒಂದೂವರೆ ಸೆಂ.ಮೀ. ಮಾರ್ಜಿನ್ ಸೇರಿಯೇ ಇರುತ್ತದೆ. ಜರ್ಮನಿಯ ಬುರ್ಡಾ ಪತ್ರಿಕೆಯ ಹಾಳೆಗಳಲ್ಲಿ ಅದನ್ನು ಸೇರಿಸದೆ ಕೊಡುವುದು ಬಹುಕಾಲದ ರೂಢಿ. ಅಲ್ಲಿ ನಾವೇ ಸೇರಿಸಿಕೊಳ್ಳಬೇಕು. ಮರೆತರೆ ಏನಾಗುತ್ತದೆ? ಎರಡು ಪಕ್ಕದ ಹೊಲಿಗೆಗಳಲ್ಲಿ ನಾಲ್ಕು ಅಂಚುಗಳು. ಅಂಚಿಗೆ ಒಂದೂವರೆಯಂತೆ ಎದೆ ಸುತ್ತಿನಲ್ಲೇ 6 ಸೆಂ.ಮೀ. ಮಾಯ!

ಕೋಟು ಉದ್ದವಾಗಬೇಕಿದ್ದರೆ ನಮೂನೆಯ ಕೆಳಗಿನ ಅಂಚಿಗೆ ಕಾಗದ ಅಂಟಿಸಬೇಡಿ, ಆಕಾರ ಕೆಡುತ್ತದೆ. ತುಂಡಿನ ನಡುವೆ ಎರಡು ಸಮಾನಾಂತರ ಗೆರೆಗಳಿರುತ್ತವೆ. ಅಲ್ಲಿ ಕತ್ತರಿಸಿ, ಬೇಕಾದಷ್ಟು ಅಂತರ ಬಿಟ್ಟು, ನಡುವೆ ಕಾಗದ ಅಂಟಿಸಿ. ಆಮೇಲೆ ಹಳೆಯ ಪಂಚೆ ಅಥವಾ ಹೊದಿಕೆಯಲ್ಲಿ ಒಂದು ಕಚ್ಚಾ ಕೋಟು ಹೊಲಿದು ಮಗುವಿಗೆ ತೊಡಿಸಿ, ಕೈ ಎತ್ತಿಸಿ, ಬಗ್ಗಿಸಿ ನೋಡಿ. ಏನೇ ತಪ್ಪಿದ್ದರೂ ಇಲ್ಲೇ ಕಾಣುತ್ತದೆ. ತಿದ್ದುವುದನ್ನು ಕಾಗದದಲ್ಲಿ ತಿದ್ದಿ.

ಹಾಸು, ಹೊಕ್ಕು ಮತ್ತು ಓರೆ

ನಮೂನೆಯ ಪ್ರತಿ ತುಂಡಿನ ಮೇಲೂ ಬಾಣದ ಗುರುತಿನ ಉದ್ದ ಗೆರೆಯೊಂದು ಇರುತ್ತದೆ. ಅದು ಬಟ್ಟೆಯ ಹಾಸಿನ ಎಳೆಗೆ ಸಮಾನಾಂತರವಾಗಿರಬೇಕು. ಕಾರಣ ಸರಳ. ಹಾಸಿನ ದಿಕ್ಕಿನಲ್ಲಾಗಲಿ ಹೊಕ್ಕಿನ ದಿಕ್ಕಿನಲ್ಲಾಗಲಿ ಬಟ್ಟೆಯನ್ನು ಎಳೆದರೆ ದಾರವೇ ಹಿಗ್ಗಬೇಕು. ಅದು ಅಷ್ಟಾಗಿ ಹಿಗ್ಗದು. ಓರೆಯಾಗಿ, ದರ್ಜಿಗಳು 'ಕ್ರಾಸ್' ಎನ್ನುವ ದಿಕ್ಕಿನಲ್ಲಿ ಎಳೆದರೆ, ದಾರಗಳ ನಡುವಿನ ಪುಟ್ಟ ಚೌಕಗಳು ವಜ್ರಾಕೃತಿಗೆ ತಿರುಗಿ ಬಟ್ಟೆ ಜಗ್ಗುತ್ತದೆ. ಗೆರೆ ತಪ್ಪಿದ ಕೋಟು ಹೊಲಿದ ದಿನ ಚೆನ್ನಾಗಿಯೇ ಕಾಣುತ್ತದೆ. ತಿಂಗಳಾದ ಮೇಲೆ ಒಂದು ಪಕ್ಕ ಇಳಿಬಿದ್ದಿರುತ್ತದೆ.

ಆರು ವರ್ಷದ ಮಗುವಿಗೆ ಹೊಸ ಬಟ್ಟೆಯಾದರೆ ಒಂದೂವರೆ ಮೀಟರ್ ಅಗಲದ್ದು ಸುಮಾರು ಒಂದೂವರೆ ಮೀಟರ್ ಉದ್ದ ಸಾಕು. ಕತ್ತರಿಸುವ ಮೊದಲು ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಇಸ್ತ್ರಿ ಒತ್ತಿ ಹಬೆ ಕೊಡಿ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸೂಕ್ಷ್ಮ ಪದರಗಳಿರುತ್ತವೆ. ಬಿಸಿ, ನೀರು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ. ಆದ್ದರಿಂದ ಹಬೆ ಕೊಡುವಾಗ ಇಸ್ತ್ರಿಯನ್ನು ಒತ್ತಿ ಎತ್ತಿ, ಎಳೆದಾಡಬೇಡಿ. ಕುಗ್ಗುವುದೇನಿದ್ದರೂ ಹೊಲಿಯುವ ಮುಂಚೆಯೇ ಆಗಿಹೋಗಲಿ.

ಹಳೆಯ ಕೋಟಾದರೆ ಮೊದಲು ಹೊಲಿಗೆಗಳನ್ನೆಲ್ಲ ಬಿಚ್ಚಿ, ತುಂಡುಗಳನ್ನು ಬ್ರಷ್‌ನಿಂದ ಉಜ್ಜಿ, ಬೆಳಕಿಗೆ ಹಿಡಿದು ಸವೆದ ಜಾಗ, ನುಸಿ ತಿಂದ ತೂತುಗಳನ್ನು ಸೀಮೆಸುಣ್ಣದಿಂದ ಗುರುತಿಸಿ. ಇಲ್ಲಿಯೇ ನಾನು ಎಡವಿದ್ದು. ಹೊಸ ಬಟ್ಟೆಯನ್ನು ಎರಡು ಪದರವಾಗಿ ಮಡಚಿ ಕತ್ತರಿಸುತ್ತೇವೆ. ಎಡ ಬಲ ತಾವಾಗಿಯೇ ಬರುತ್ತವೆ. ಬಿಚ್ಚಿದ ಕೋಟಿನ ತುಂಡುಗಳು ಬಿಡಿಬಿಡಿಯಾಗಿ ಇರುವುದರಿಂದ ಒಂದೇ ಪದರದಲ್ಲಿ ಕತ್ತರಿಸಬೇಕು. ಆಗ ಒಂದು ತೋಳು ಕತ್ತರಿಸಿದ ಮೇಲೆ ನಮೂನೆಯನ್ನು ಮಗುಚಿ ಹಾಕಿ ಎರಡನೆಯದನ್ನು ಕತ್ತರಿಸಬೇಕೆಂದು ಸೂಚನೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಮಗುಚಲಿಲ್ಲ. ಎರಡೂ ಬಲಗೈ ತೋಳುಗಳಾದವು! ಬಟ್ಟೆಯ ಮೇಲ್ಮೈಯೂ ಒಳಮೈಯೂ ಬೇರೆ ಬೇರೆ ಇದ್ದುದರಿಂದ ತಿರುವಿ ಹಾಕುವಂತೆಯೂ ಇರಲಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪರೀಕ್ಷೆಗೆ ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಬಿಂಬವಾದ ಅಣುಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದ ನನಗೆ ಅಂದು ಅದೊಂದೂ ನೆನಪಾಗಲಿಲ್ಲ. ಅಮ್ಮ ಒಂದು ಮಾತೂ ಆಡದೆ, ಉಳಿದ ಚೂರುಗಳನ್ನು ನೆಲದ ಮೇಲೆ ಹರಡಿಕೊಂಡು ನೋಡಿದರು. ಎರಡು ಚೂರುಗಳನ್ನು ಮೊಣಕೈ ಕೆಳಗೆ ಜೋಡಿಸಿ ಎಡತೋಳು ಮಾಡಿದೆವು.

ಹೊಲಿಯುವ ಕ್ರಮ

ದಪ್ಪ ಬಟ್ಟೆಗೆ 16ನೇ ನಂಬರಿನ ಸೂಜಿ ಹಾಕಿ, ಹೊಲಿಗೆಯ ಉದ್ದ 3 ಮಿ.ಮೀ. ಇರಲಿ. ಮೊದಲು ಜೇಬು, ಆಮೇಲೆ ಭುಜ, ನಂತರ ಪಕ್ಕ, ಕಾಲರ್, ತೋಳು, ಕೊನೆಗೆ ಲೈನಿಂಗ್. ಪ್ರತಿ ಹೊಲಿಗೆಯನ್ನೂ ಬಿಡಿಸಿ ಇಸ್ತ್ರಿ ಮಾಡಿದ ಮೇಲೆಯೇ ಮುಂದಿನದಕ್ಕೆ ಹೋಗಿ. ಮನೆಯಲ್ಲಿ ಹೊಲಿದ ಕೋಟು ದೊಗಳೆಯಾಗಿ ಕಾಣುವುದಕ್ಕೆ ಈ ಇಸ್ತ್ರಿ ತಪ್ಪಿಸುವುದೇ ಮುಖ್ಯ ಕಾರಣ.

ಕಾಲರಿನ ಕೆಳಪದರ ಮೇಲ್ಪದರಕ್ಕಿಂತ ಸುತ್ತಲೂ 2ರಿಂದ 3 ಮಿ.ಮೀ. ಚಿಕ್ಕದಿರಲಿ. ಆಗ ಹೊಲಿಗೆ ಕೆಳಗೆ ಸರಿದು ಕಾಣದಾಗುತ್ತದೆ. ಕಾಲರಿಗೂ ಗುಂಡಿಪಟ್ಟಿಗೂ ಒಳಗೆ ಬಕ್ರಂ ಕೊಡಿ.

ಕಷ್ಟವೆಲ್ಲ ಇರುವುದು ತೋಳು ಕೂರಿಸುವುದರಲ್ಲಿ. ತೋಳಿನ ಮೇಲಂಚು ಕಂಕುಳ ಸುತ್ತಿಗಿಂತ ಸುಮಾರು 2 ಸೆಂ.ಮೀ. ಉದ್ದವಿರುತ್ತದೆ. ಇದು ತಪ್ಪಲ್ಲ; ಭುಜದ ಗುಂಡಗಿನ ಭಾಗಕ್ಕೆ ಬೇಕಾದ ಬಟ್ಟೆ ಅದು. ಮೇಲಂಚಿಗೆ ಉದ್ದ ಹೊಲಿಗೆಯ ಎರಡು ಸಾಲು ಹಾಕಿ, ದಾರ ಮೆಲ್ಲಗೆ ಎಳೆದು, ನೆರಿಗೆ ಬೀಳದಂತೆ ಆ ಹೆಚ್ಚುವರಿಯನ್ನು ಹಂಚಿ. ಹಬೆ ಕೊಟ್ಟರೆ ಉಣ್ಣೆ ಅದನ್ನು ಒಳಗೇ ಅಡಗಿಸಿಕೊಳ್ಳುತ್ತದೆ. ನಮೂನೆಯಲ್ಲಿ ತೋಳಿನ ಮುಂಭಾಗಕ್ಕೆ ಒಂದು ಕಚ್ಚು, ಹಿಂಭಾಗಕ್ಕೆ ಎರಡು ಕಚ್ಚು ಗುರುತಿಸುವುದು ರೂಢಿ. ಕೋಟಿನ ಮೈಮೇಲಿನ ಕಚ್ಚುಗಳಿಗೆ ಅವನ್ನು ಹೊಂದಿಸಿ, ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿ, ಮಗುವಿಗೆ ತೊಡಿಸಿ ನೋಡಿ. ಆಮೇಲೆ ಯಂತ್ರ.

ಕೆಳಗೆ 5 ಸೆಂ.ಮೀ., ತೋಳಿಗೆ 4 ಸೆಂ.ಮೀ. ಮಡಿಕೆ ಬಿಡಿ, ಮುಂದಿನ ವರ್ಷ ಬಿಚ್ಚಿ ಇಳಿಸಬಹುದು. ಗುಂಡಿಯನ್ನು ಬಟ್ಟೆಗೆ ಒತ್ತಿ ಹೊಲಿಯದೆ, ಕೋಟಿನ ದಪ್ಪಕ್ಕೆ ತಕ್ಕಂತೆ ದಾರದ ಕತ್ತು ಬಿಟ್ಟು, ಅದಕ್ಕೆ ದಾರ ಸುತ್ತಿ ಗಂಟು ಹಾಕಿ.

ಕೆಲಸ ಮುಗಿದ ಮೇಲೆ ನಮೂನೆಯನ್ನು ಬಿಸಾಡಬೇಡಿ. ಮಗುವಿನ ಎತ್ತರ, ಎದೆ ಸುತ್ತು, ದಿನಾಂಕ, ನೀವು ಮಾಡಿದ ತಿದ್ದುಪಡಿ ಎಲ್ಲವನ್ನೂ ಅದರ ಮೇಲೆ ಬರೆದು ಲಕೋಟೆಯಲ್ಲಿಡಿ. ನನ್ನ ಮಗಳು ಆ ಕೋಟನ್ನು ಎರಡು ಚಳಿಗಾಲ ತೊಟ್ಟಳು. ಎಡತೋಳಿನ ಜೋಡಣೆಯನ್ನು ಅದರ ವಿನ್ಯಾಸವೆಂದೇ ಗೆಳತಿಯರಿಗೆ ಹೇಳಿಕೊಂಡಿದ್ದಳಂತೆ. ಬಳಿಕ ಅದು ನನ್ನ ತಂಗಿಯ ಮಗನ ಪಾಲಾಯಿತು. ನಮೂನೆ ಅಮ್ಮನ ಟ್ರಂಕಿನಲ್ಲಿದೆ. ತೋಳಿನ ಕಾಗದದ ಮೇಲೆ ಅವರೇ ಕೆಂಪು ಶಾಯಿಯಲ್ಲಿ 'ಮಗುಚಿ ಹಾಕು' ಎಂದು ಬರೆದಿಟ್ಟಿದ್ದಾರೆ.

ಈ ಚಳಿಗಾಲಕ್ಕೆ ನೀವೂ ಪ್ರಯತ್ನಿಸಿ. ಮೊದಲ ಕತ್ತರಿ ಮಾತ್ರ ಕಾಗದಕ್ಕೆ.