ಕಣ್ಣು ಕಾಣದವರಿಗೆ ಊರಿಗೆ ಏನು ಒಯ್ಯೋಣ?

ರಜೆ ಸಿಕ್ಕಿತೆಂದರೆ ಮುಸಫ್ಫಾದ ನಮ್ಮ ರೂಮುಗಳಲ್ಲಿ ಪೆಟ್ಟಿಗೆ ಕಟ್ಟುವ ಗಡಿಬಿಡಿ. ಅಮ್ಮನಿಗೆ ಖರ್ಜೂರ, ತಮ್ಮನಿಗೆ ಮೊಬೈಲು. ಮನೆಯಲ್ಲಿ ಕಣ್ಣು ಕಾಣದವರೊಬ್ಬರಿದ್ದರೆ? ಈಗ ಅವರಿಗೂ ತರತರದ ಸಾಧನಗಳು ಬಂದಿವೆ. ಕೊಳ್ಳುವ ಮುಂಚೆ ಎರಡು ಸಾಧನಗಳ ಕತೆ ತಿಳಿದಿರಲಿ.

ಮೊದಲನೆಯದು ದೆಹಲಿ ಐಐಟಿಯ ‘ಸ್ಮಾರ್ಟ್‌ಕೇನ್’. ಇದು ಶುರುವಾಗಿದ್ದು ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ. ಬಿಳಿಕೋಲು ನೆಲದ ಕಲ್ಲು, ಗುಂಡಿಯನ್ನು ತಿಳಿಸುತ್ತದೆ. ತಲೆಗೆ ತಾಗುವ ಕೊಂಬೆ ಅದಕ್ಕೆ ಸಿಗುವುದಿಲ್ಲ. ಕೋಲಿನ ಹಿಡಿಗೆ ಕೂರಿಸುವ ಈ ಸಾಧನ, ನಮಗೆ ಕೇಳಿಸದ ಶಬ್ದದ ಅಲೆಗಳನ್ನು ಬಿಟ್ಟು, 3 ಮೀಟರ್ ದೂರದವರೆಗಿನ ಅಡ್ಡಿಯನ್ನು ಪತ್ತೆ ಮಾಡುತ್ತದೆ. ಹಿಡಿ ಅದುರಿ ಕೈಗೆ ತಿಳಿಸುತ್ತದೆ. ಬಳಸುವವರನ್ನೇ ಕೇಳಿ ಕೇಳಿ ತಿದ್ದಿದ ಮೇಲೆ 2014ರಲ್ಲಿ ಇದು ಬಿಡುಗಡೆಯಾಯಿತು.

ಎರಡನೆಯದು ಮೈಮೇಲೆ ತೊಡುವಂಥದ್ದು, ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಎಚ್‌ಪಿ ಲ್ಯಾಬ್ಸ್‌ನಲ್ಲಿದ್ದ ಯುವ ಇಂಜಿನಿಯರ್ ಅನಿರುದ್ಧ ಶರ್ಮಾ ರೂಪಿಸಿದ ಬೂಟು ಅದು. ಹೆಸರು ‘ಲೇ ಚಲ್’, ಅಂದರೆ ಕರೆದುಕೊಂಡು ಹೋಗು. ಮೊಬೈಲಿನ ಜಿಪಿಎಸ್ ದಾರಿ ಹುಡುಕುತ್ತದೆ. ಯಾವ ಕಡೆ ತಿರುಗಬೇಕೆಂದು ಬೂಟು ಅದುರಿ ಕಾಲಿಗೆ ಹೇಳುತ್ತದೆ. ಮುಂದೆ ಹೈದರಾಬಾದಿನ ಕಂಪನಿಯೊಂದು ಅದನ್ನು ಬೆಳೆಸಿತು.

ಎರಡೂ ಮಾತಿನ ಬದಲು ಅದುರುವಿಕೆಯನ್ನು ಆರಿಸಿಕೊಂಡವು. ಯಾಕೆ ಗೊತ್ತಾ? ಕಣ್ಣು ಕಾಣದವರಿಗೆ ರಸ್ತೆಯಲ್ಲಿ ಕಿವಿಯೇ ಆಸರೆ. ಬಸ್ಸು ಎಲ್ಲಿಂದ ಬಂತು, ಸ್ಕೂಟರ್ ಯಾವ ಕಡೆ ಹೋಯಿತು ಎಂಬುದು ಸದ್ದಿನಿಂದಲೇ ತಿಳಿಯಬೇಕು. ಆ ಕಿವಿಯನ್ನು ಯಂತ್ರದ ಮಾತು ತುಂಬಿಬಿಟ್ಟರೆ ಅಪಾಯ. ಇನ್ನೊಂದು ಲಾಭವೂ ಉಂಟು: ಅದುರುವಿಕೆಗೆ ಭಾಷೆಯಿಲ್ಲ. ಕನ್ನಡ ಬಿಟ್ಟು ಬೇರೆ ಬಾರದ ಅಜ್ಜಿಗೂ ಅದು ಅರ್ಥವಾಗುತ್ತೆ.

ಹಾಗಾಗಿ, ಅಂಗಡಿಯಲ್ಲಿ ಮಾತಾಡುವ ಕನ್ನಡಕ ಕಂಡ ಕೂಡಲೇ ತಿಂಗಳ ಸಂಬಳ ಸುರಿಯಬೇಡಿ. ಅದು ಕನ್ನಡ ಓದುತ್ತದಾ, ಇಂಟರ್ನೆಟ್ ಇಲ್ಲದೆ ನಡೆಯುತ್ತದಾ, ಕೆಟ್ಟರೆ ನಮ್ಮೂರ ಹತ್ತಿರ ರಿಪೇರಿ ಇದೆಯಾ, ವಿಚಾರಿಸಿ. ಯಾವ ಸಾಧನಕ್ಕೂ ಮೊದಲು ಬಿಳಿಕೋಲಿನ ತರಬೇತಿ ಬೇಕು. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಕಣ್ಣು ಕಾಣದವರಿಗೆ ತರಬೇತಿ ಕೊಡುತ್ತವೆ. 40 ಶೇಕಡಾ ಅಥವಾ ಹೆಚ್ಚು ಅಂಗವೈಕಲ್ಯದ ಪ್ರಮಾಣಪತ್ರ ಇದ್ದವರಿಗೆ, ಆದಾಯ ನೋಡಿ ಸಾಧನ ಒದಗಿಸುವ ಕೇಂದ್ರ ಸರ್ಕಾರದ ‘ಅಡಿಪ್’ ಯೋಜನೆಯೂ ಇದೆ. ಯುಡಿಐಡಿ ಕಾರ್ಡ್ ಮಾಡಿಸಿಲ್ಲವಾದರೆ ಈ ರಜೆಯಲ್ಲಿ ಮಾಡಿಸಿ.

ಎಲ್ಲಕ್ಕಿಂತ ಮೊದಲು ಅವರನ್ನೇ ಕೇಳೋಣ. ಮುಂದಿನ ಸಲ ಫೋನ್ ಮಾಡಿದಾಗ “ಏನು ತರಲಿ?” ಅನ್ನುವ ಬದಲು, “ಒಬ್ಬರೇ ಎಲ್ಲಿಗೆ ಹೋಗಿಬರಬೇಕು ಅನ್ನಿಸುತ್ತೆ?” ಎಂದು ಕೇಳಿ ನೋಡಿ. ಏನು ಒಯ್ಯಬೇಕೆಂದು ಆ ಉತ್ತರವೇ ಹೇಳುತ್ತದೆ.