ದೊಡ್ಡಹಬ್ಬದ ದೊರೆ ಬಲೀಂದ್ರ

ಸೊರಬ ಸೀಮೆಯ ಹಳ್ಳಿಗಳಲ್ಲಿ ದೀಪಾವಳಿ ಎಂದರೆ ದೊಡ್ಡಹಬ್ಬ. ಊರು ಮಲಗುವ ಹೊತ್ತಿಗೆ ಅಂಗಳದಲ್ಲಿ ಹಾಡು ಕೇಳಿಸುತ್ತದೆ. ‘ಹಬ್ಬ ಹಾಡೋರು ಬಂದ್ರು’ ಎನ್ನುತ್ತ ಮನೆಯಾಕೆ ಎಣ್ಣೆ ಹಿಡಿದು ಬಾಗಿಲು ತೆಗೆಯುತ್ತಾಳೆ. ಅಂಟಿಗೆ-ಪಂಟಿಗೆಯವರು ಎನಿಸಿಕೊಂಡ ಈ ಹಾಡುಗಾರರು ದೇವರ ಮುಂದೆ ಹೊತ್ತಿಸಿಕೊಂಡು ತಂದ ದೀಪ, ಮನೆ ಮನೆ ತಿರುಗಿದರೂ ಆರಬಾರದು. ಹಿಡಿದವನು ಅಂಗೈಯನ್ನು ಗಾಳಿಗೆ ಅಡ್ಡ ಇಟ್ಟಿರುತ್ತಾನೆ. ಆಕೆ ಅದಕ್ಕೆ ಎಣ್ಣೆ ಎರೆದು, ಅದರಿಂದಲೇ ತನ್ನ ಹಣತೆ ಹಚ್ಚಿಕೊಳ್ಳುತ್ತಾಳೆ. ಹಾಡಿನ ತುಂಬ ಬಲೀಂದ್ರ. ವಾಮನನ ಮೂರನೆಯ ಹೆಜ್ಜೆಗೆ ತಲೆಯೊಡ್ಡಿ ಸುತಲಕ್ಕಿಳಿದ ಈ ಅಸುರ ವರ್ಷಕ್ಕೊಮ್ಮೆ ತನ್ನ ನೆಲ ನೋಡಲು ಬರುತ್ತಾನೆ.

ಬಲಿ ಎಂಬ ಅವನ ಹೆಸರಿನ ಅರ್ಥ ಕೇಳಿ ನೋಡಿ. ಬಲವುಳ್ಳವನು ಎನ್ನುವವರೇ ಹೆಚ್ಚು. ಕೋಳಿ-ಕುರಿಯ ಬಲಿಯನ್ನು ನೆನೆಯುವವರೂ ಉಂಟು. ಆದರೆ ‘ಬಲಿ’ ಎಂಬ ಮಾತಿನ ಹಳೆಯ ಅರ್ಥ ಒಪ್ಪಿಸುವ ಕಾಣಿಕೆ, ಕಪ್ಪ. ಋಗ್ವೇದದ ‘ಬಲಿಹೃತ್’ ಕಪ್ಪ ತೆರುವವನು. ಅಮರಕೋಶ ಕೊಡುವ ಅರ್ಥವೂ ಕರ ಮತ್ತು ಉಪಹಾರ. ಬುದ್ಧ ಹುಟ್ಟಿದ ಊರೆಂದು ಅಶೋಕ ಲುಂಬಿನಿಗೆ ಮಾಫಿ ಮಾಡಿದ್ದೂ ಇದೇ ‘ಬಲಿ’ಯನ್ನು, ಬೆಳೆಯಲ್ಲಿ ಎಂಟರಲ್ಲಿ ಒಂದು ಪಾಲು ಕೊಟ್ಟರೆ ಸಾಕೆಂದು ಕಂಬದ ಮೇಲೆ ಬರೆಸಿದ. ಕಂದಾಯದ ಹೆಸರು ಹೊತ್ತ ದೊರೆಯನ್ನು ಜನ ನೆನೆಯುವುದು ಮಾತ್ರ ವಸೂಲಿಗಾಗಿ ಅಲ್ಲ, ಬೇಡಿದವನಿಗೆ ತನ್ನನ್ನೇ ಕೊಟ್ಟದ್ದಕ್ಕಾಗಿ. ಇದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕರಗುತ್ತದೆ. ಬಲಿಯನ್ನು ಕಟ್ಟಿಹಾಕಿದ ಕಥೆಯನ್ನು ಜನರ ಮುಂದೆ ಆಡಿ ತೋರಿಸುತ್ತಿದ್ದ ಸುಳಿವು ಪತಂಜಲಿಯ ಮಹಾಭಾಷ್ಯದಲ್ಲೇ ಇದೆ. ಅಂದರೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ, ಅಲ್ಲಮಪ್ರಭು ಹುಟ್ಟಿದ ಊರು, ಶಾಸನಗಳಲ್ಲಿ ಬಳ್ಳಿಗಾವೆ, ಬಳ್ಳಿಗ್ರಾಮ, ಬಲಿಪುರ ಎಂದೆಲ್ಲ ಕಾಣಿಸಿಕೊಳ್ಳುತ್ತದೆ. ಬಲಿಯ ಪಟ್ಟಣವೇ ಇದು ಎಂಬ ಐತಿಹ್ಯವೂ ಉಂಟು. ಕನ್ನಡದ ‘ಬಳ್ಳಿ’ಯನ್ನು ಸಂಸ್ಕೃತ ಬಲ್ಲವರು ‘ಬಲಿ’ಗೆ ಒಗ್ಗಿಸಿರಬೇಕು ಎಂದೇ ನನ್ನ ಎಣಿಕೆ, ಗ್ರಾಮ ಗಾವೆಯಾದದ್ದಂತೂ ನಾಲಿಗೆಗೆ ಸಹಜ. ಆದರೂ ಪಾತಾಳಕ್ಕೆ ತುಳಿಸಿಕೊಂಡವನನ್ನು ನಮ್ಮೂರ ಅರಸನೆಂದು ಹೇಳಿಕೊಂಡ ಜನರ ಪ್ರೀತಿ ಸುಳ್ಳಲ್ಲ.

ಹಬ್ಬದ ಬೆನ್ನಿಗೇ ಸೊರಬ, ಶಿಕಾರಿಪುರ ಎರಡೂ ತಾಲ್ಲೂಕುಗಳಲ್ಲಿ ಹೋರಿ ಬೆದರಿಸುವ ಹಬ್ಬ. ವರ್ಷವಿಡೀ ಹಿಂಡಿ, ಹುರುಳಿ ತಿನ್ನಿಸಿ ಸಾಕಿದ ಹೋರಿಯ ಕೊರಳಿಗೆ ಒಡೆಯ ಒಣಕೊಬ್ಬರಿ ಸರ ಬಿಗಿಯುತ್ತಾನೆ. ಹಗ್ಗ ಬಿಟ್ಟದ್ದೇ ತಡ, ಹುಡುಗರು ಮೈಮೇಲೆ ಬೀಳುತ್ತಾರೆ. ಹರಿದವನಿಗೆ ಕೊಬ್ಬರಿ.

ಮನೆಯೊಳಗೆ ಬಲೀಂದ್ರನ ಕಲಶದ ಪಕ್ಕ ಹಿಂಡ್ಲೆಕಾಯಿ, ಅಡಿಕೆ ಸಿಂಗಾರ ಇನ್ನೂ ಬಾಡಿರುವುದಿಲ್ಲ. ಅವನನ್ನು ಕಳಿಸಿಕೊಡುವ ಹೊತ್ತಿಗೆ ಮುಂದಿನ ವರ್ಷ ಬಾ ಎಂದೇ ಹೇಳುತ್ತಾರೆ.