ಸುಮ್ಮನಿರುವುದಕ್ಕೂ ಪ್ರೊಸೆಸರ್‌ಗೆ ಲೆಕ್ಕ ಬೇಕು

ಕಂಪ್ಯೂಟರ್ ಕೊಳ್ಳಲು ಹೋದವರು ಮೊದಲು ವಿಚಾರಿಸುವುದು ಪ್ರೊಸೆಸರ್‌ನ ವೇಗವನ್ನು. ಮನೆ, ಕಚೇರಿಗಳ ಕಂಪ್ಯೂಟರಿನಲ್ಲಿ ಆ ಪ್ರೊಸೆಸರ್ ತನ್ನ ಹೆಚ್ಚಿನ ಹೊತ್ತನ್ನು ಕಳೆಯುವುದು ಮಾತ್ರ ಕಾಯುವುದರಲ್ಲಿ. 3 ಗಿಗಾಹರ್ಟ್ಸ್ ಪ್ರೊಸೆಸರ್‌ನ ಗಡಿಯಾರ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ. ಯಾರಾದರೂ ಸೆಕೆಂಡಿಗೆ ಹತ್ತು ಕೀಲಿ ಒತ್ತುವಷ್ಟು ಚುರುಕಾಗಿ ಟೈಪ್ ಮಾಡಿದರೂ ಎರಡು ಕೀಲಿಗಳ ನಡುವೆ 30 ಕೋಟಿ ಮಿಡಿತಗಳ ಅವಕಾಶವಿರುತ್ತದೆ. ಒಂದು ಅಕ್ಷರವನ್ನು ತೆರೆಯ ಮೇಲೆ ಮೂಡಿಸಲು ಅದರಲ್ಲೊಂದು ಸಣ್ಣ ಪಾಲು ಸಾಕು. ಡಾಸ್ ಕಾಲದ ಕಂಪ್ಯೂಟರ್ ಈ ಬಿಡುವಿನಲ್ಲಿ ‘ಕೀಲಿ ಒತ್ತಿದರೇ?’ ಎಂದು ಸುತ್ತಿ ಸುತ್ತಿ ಕೇಳುತ್ತಲೇ ಇರುತ್ತಿತ್ತು, ಅಷ್ಟಕ್ಕೇ ವಿದ್ಯುತ್ತನ್ನೂ ಉರಿಸುತ್ತಿತ್ತು. ಇಂದಿನ ಪ್ರೊಸೆಸರ್ ಅದೇ ಬಿಡುವಿನಲ್ಲಿ ನಿದ್ದೆ ಹೋಗುತ್ತದೆ. ಹಾಗಾದರೆ ಬಿಡುವು ಹೆಚ್ಚಿದಷ್ಟೂ ಉಳಿತಾಯ ಹೆಚ್ಚು ಎಂದುಕೊಳ್ಳುವುದು ಸಹಜ. ಆದರೆ ಒಟ್ಟು ಬಿಡುವು ಎಷ್ಟೇ ಇರಲಿ, ಅದು ಚೂರುಚೂರಾಗಿ ಸಿಕ್ಕರೆ ಉಳಿಯುವುದು ಅಲ್ಪ. ಬಿಡುವು ತುಂಡಾಗದೆ ಸಿಗಬೇಕು, ಎಷ್ಟು ಹೊತ್ತು ಸಿಗುತ್ತದೆಂಬುದು ಆಪರೇಟಿಂಗ್ ಸಿಸ್ಟಂಗೆ ಮೊದಲೇ ಅಂದಾಜಾಗಬೇಕು.

ಇದಕ್ಕೆ ಕಾರಣ ನಿದ್ದೆಯ ಸ್ವರೂಪದಲ್ಲೇ ಇದೆ. ಪ್ರೊಸೆಸರ್‌ನಲ್ಲಿ ವಿದ್ಯುತ್ ಎರಡು ದಾರಿಯಲ್ಲಿ ಖರ್ಚಾಗುತ್ತದೆ: ಟ್ರಾನ್ಸಿಸ್ಟರುಗಳು ಆನ್-ಆಫ್ ಆಗುವಾಗಿನ ಖರ್ಚು ಒಂದು, ಏನೂ ನಡೆಯದಿದ್ದಾಗಲೂ ಅವುಗಳ ಮೂಲಕ ಸೋರಿಹೋಗುವ ಕರೆಂಟು ಇನ್ನೊಂದು. ಗಡಿಯಾರದ ಮಿಡಿತ ನಿಲ್ಲಿಸಿದರೆ ಮೊದಲನೆಯದು ನಿಲ್ಲುತ್ತದೆ. ಸೋರಿಕೆ ನಿಲ್ಲಬೇಕಾದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕವಾದ ಕೋರ್‌ಗೆ ಹೋಗುವ ವಿದ್ಯುತ್ತನ್ನೇ ಕಡಿಯಬೇಕು. ಅದಕ್ಕೂ ಮುನ್ನ ಕೋರ್‌ನ ಸ್ಥಿತಿಯನ್ನೆಲ್ಲ ಬೇರೆಡೆ ಬರೆದಿಟ್ಟು, ಅದರ ಸ್ವಂತ ಕ್ಯಾಶ್ ಮೆಮೊರಿಯನ್ನು ಖಾಲಿ ಮಾಡಬೇಕು. ಹೀಗೆ ಹಂತ ಹಂತವಾಗಿ ಆಳಕ್ಕಿಳಿಯುವ ನಿದ್ದೆಗಳಿಗೆ ಸಿ-ಸ್ಟೇಟ್ ಎಂದು ಹೆಸರು. ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಕಂಪನಿಗಳು 1996ರಲ್ಲಿ ಹೊರತಂದ ಎಸಿಪಿಐ ಮಾನದಂಡದಲ್ಲಿ ಇವಕ್ಕೆ ವ್ಯವಸ್ಥಿತ ರೂಪ ಬಂತು. ಸಿ0 ಎಂದರೆ ಎಚ್ಚರ, ಸಿ1 ಎಂದರೆ ತೂಕಡಿಕೆ, ಸಿ6 ಎಂದರೆ ವಿದ್ಯುತ್ ಕಡಿದ ಗಾಢ ನಿದ್ದೆ. ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಈ ಏಣಿ ಸಿ10ರವರೆಗೂ ಇಳಿಯುತ್ತದೆ.

ಆಳಕ್ಕೆ ಇಳಿದಷ್ಟೂ ಏಳುವುದು ತಡ, ಇಳಿದು ಹತ್ತುವ ಖರ್ಚೂ ಹೆಚ್ಚು. 2015ರಲ್ಲಿ ಬಂದ ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರುಗಳಿಗಾಗಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಇಟ್ಟುಕೊಂಡಿರುವ ಪಟ್ಟಿ ನೋಡಿ. ಸಿ1ರಿಂದ ಏಳಲು 2 ಮೈಕ್ರೋಸೆಕೆಂಡ್ ಸಾಕು. ಸಿ6ರಿಂದ ಏಳಲು 85 ಬೇಕು, ಕನಿಷ್ಠ 200 ಮೈಕ್ರೋಸೆಕೆಂಡ್ ಮಲಗಿದರೆ ಮಾತ್ರ ಅದು ಗಿಟ್ಟುತ್ತದೆ. ಸಿ10ರಿಂದ ಏಳಲು 890. ಗಿಟ್ಟಬೇಕಾದರೆ 5000 ಮೈಕ್ರೋಸೆಕೆಂಡ್, ಅಂದರೆ 5 ಮಿಲಿಸೆಕೆಂಡ್ ನಿದ್ದೆ ಬೇಕು. ಅದಕ್ಕೂ ಮೊದಲೇ ಯಾರಾದರೂ ಎಬ್ಬಿಸಿದರೆ ಹಗುರ ನಿದ್ದೆಯೇ ಲಾಭವಾಗಿತ್ತು. ಸಿಗ್ನಲ್‌ನಲ್ಲಿ ನಿಂತ ಆಟೋ ಚಾಲಕನ ಲೆಕ್ಕವೂ ಇಂಥದ್ದೇ: ಕೆಂಪು ದೀಪದ ಪಕ್ಕ 90 ಸೆಕೆಂಡ್ ಎಂದು ಕಂಡರೆ ಎಂಜಿನ್ ಆರಿಸುತ್ತಾನೆ, 5 ಎಂದು ಕಂಡರೆ ಹಾಗೇ ಬಿಡುತ್ತಾನೆ. ಪ್ರೊಸೆಸರ್‌ನ ತೊಂದರೆ ಏನೆಂದರೆ, ಎಷ್ಟೋ ಸಲ ಆ ಅಂಕಿ ಕಾಣುವುದೇ ಇಲ್ಲ.

ಕಾಣದ ಅಂಕಿಯನ್ನು ಊಹಿಸುವ ಕೆಲಸ ಆಪರೇಟಿಂಗ್ ಸಿಸ್ಟಂನದು. ಲಿನಕ್ಸ್‌ನಲ್ಲಿ ಇದಕ್ಕೆಂದೇ ಸಿಪಿಯು-ಐಡಲ್ ಎಂಬ ವಿಭಾಗವಿದೆ. ಅದರ ಬಗ್ಗೆ 2007ರಲ್ಲಿ ವೆಂಕಟೇಶ್ ಪಲ್ಲಿಪಾಡಿ ಮತ್ತು ಸಂಗಡಿಗರು ಮಂಡಿಸಿದ ಪ್ರಬಂಧದ ಶೀರ್ಷಿಕೆಯ ತಾತ್ಪರ್ಯವೇ ‘ಏನೂ ಮಾಡದಿರುವುದನ್ನು ದಕ್ಷವಾಗಿ ಮಾಡುವುದು’. ಮುಂದಿನ ಟೈಮರ್ ಯಾವಾಗ ಹೊಡೆಯುತ್ತದೆಂಬುದು ಸಿಸ್ಟಂಗೆ ಖಚಿತವಾಗಿ ಗೊತ್ತು. ಕೀಲಿ ಒತ್ತುವ ಬೆರಳು, ನೆಟ್‌ವರ್ಕ್‌ನಿಂದ ಬರುವ ಸಂದೇಶ ಯಾವಾಗ ಬಂದೀತೋ ಗೊತ್ತಿಲ್ಲ. ಆದ್ದರಿಂದ ‘ಮೆನು’ ಎಂಬ ವಿಧಾನ ಟೈಮರ್‌ನ ಅವಧಿಯನ್ನು ಹಿಡಿದು, ಹಿಂದಿನ ಅನುಭವದಂತೆ ಅದನ್ನು ತಗ್ಗಿಸಿ, ಇತ್ತೀಚಿನ ಎಂಟು ಬಿಡುವುಗಳಲ್ಲಿ ಏನಾದರೂ ಲಯವಿದೆಯೇ ಎಂದೂ ನೋಡುತ್ತದೆ. 2019ರಲ್ಲಿ ಸೇರಿದ ‘ಟಿಯೊ’ ಎಂಬ ವಿಧಾನ ಟೈಮರನ್ನೇ ಮುಖ್ಯವಾಗಿ ನಂಬಿ, ಅದಕ್ಕಿಂತ ಮುಂಚೆ ಎಚ್ಚರಾದ ಪ್ರಸಂಗಗಳು ಹೆಚ್ಚಾದಾಗ ಮಾತ್ರ ಹಗುರ ನಿದ್ದೆ ಆರಿಸುತ್ತದೆ.

ಊಹೆ ಎಷ್ಟೇ ಜಾಣತನದ್ದಾಗಿದ್ದರೂ ಬಿಡುವೇ ತುಂಡಾಗಿದ್ದರೆ ಪ್ರಯೋಜನವಿಲ್ಲ. ಹಿಂದೆ ಲಿನಕ್ಸ್ ಕೆಲಸವಿರಲಿ ಬಿಡಲಿ, ಸೆಕೆಂಡಿಗೆ 250 ಅಥವಾ 1000 ಸಲ ಪ್ರೊಸೆಸರನ್ನು ತಟ್ಟಿ ಎಬ್ಬಿಸುತ್ತಿತ್ತು. ಅಂದರೆ ಎರಡು ತಟ್ಟುಗಳ ನಡುವೆ ಹೆಚ್ಚೆಂದರೆ 4 ಮಿಲಿಸೆಕೆಂಡ್. ಆ ಪದ್ಧತಿ ಉಳಿದಿದ್ದರೆ 5 ಮಿಲಿಸೆಕೆಂಡ್ ಬೇಡುವ ಸಿ10 ನಿದ್ದೆ ಎಂದಿಗೂ ಗಿಟ್ಟುತ್ತಿರಲಿಲ್ಲ. 2007ರಿಂದ ಲಿನಕ್ಸ್ ಬಿಡುವಿನಲ್ಲಿ ಈ ತಟ್ಟು ನಿಲ್ಲಿಸಿತು. ವಿಂಡೋಸ್‌ನಲ್ಲಿ ತಟ್ಟಿನ ಅಂತರ ಸಾಮಾನ್ಯವಾಗಿ 15.6 ಮಿಲಿಸೆಕೆಂಡ್, ಯಾವ ಪ್ರೋಗ್ರಾಂ ಬೇಕಾದರೂ ಅದನ್ನು 1ಕ್ಕೆ ಇಳಿಸುವಂತೆ ಕೇಳಬಹುದಿತ್ತು, ಒಂದು ಕೇಳಿದರೆ ಇಡೀ ಯಂತ್ರಕ್ಕೆ ಅದೇ ಅನ್ವಯವಾಗುತ್ತಿತ್ತು. ಕ್ರೋಮ್ ಬ್ರೌಸರ್ ಹೀಗೆ ಮಾಡಿ ಲ್ಯಾಪ್‌ಟಾಪ್ ಬ್ಯಾಟರಿ ತಿನ್ನುತ್ತಿದೆಯೆಂಬ ದೂರು 2014ರಲ್ಲಿ ದೊಡ್ಡ ಸುದ್ದಿಯಾಗಿ, ಗೂಗಲ್ ಅದನ್ನು ಸರಿಪಡಿಸಬೇಕಾಯಿತು. ಚಿಪ್ ಅದೇ, ಬಳಕೆದಾರರು ಮಾಡುವ ಕೆಲಸವೂ ಅದೇ. ಬ್ಯಾಟರಿ ಕರಗುವ ವೇಗ ಬದಲಾದದ್ದು ಬಿಡುವು ಚೂರಾದದ್ದರಿಂದ.

ಇಷ್ಟೆಲ್ಲ ರಗಳೆ ಏಕೆ, ಆಳದ ನಿದ್ದೆಯನ್ನೇ ನಿಷೇಧಿಸಿದರೆ ಯಂತ್ರ ಸದಾ ಚುರುಕಾಗಿರುತ್ತದಲ್ಲ ಎಂಬ ವಾದವುಂಟು. ಸರ್ವರ್ ನೋಡಿಕೊಳ್ಳುವ ಹಲವರು ಹಾಗೆಯೇ ಮಾಡುತ್ತಾರೆ. ಹತ್ತಾರು ಮೈಕ್ರೋಸೆಕೆಂಡಿನಲ್ಲಿ ಉತ್ತರ ಕೊಡಬೇಕಾದ ವ್ಯವಸ್ಥೆಯಲ್ಲಿ ನೂರಕ್ಕೂ ಹೆಚ್ಚು ಮೈಕ್ರೋಸೆಕೆಂಡ್ ಕಣ್ಣುಜ್ಜುತ್ತಾ ಏಳುವ ಕೋರ್ ದುಬಾರಿಯೇ. ಅಲ್ಲಿ ಈ ವಾದ ಒಪ್ಪತಕ್ಕದ್ದು. ಆದರೆ ನಿದ್ದೆ ನಿಷೇಧಿಸಿದರೆ ವೇಗ ಹೆಚ್ಚೇ ಹೆಚ್ಚುತ್ತದೆ ಎನ್ನುವಂತಿಲ್ಲ. ಇಂಟೆಲ್‌ನ ಟರ್ಬೊ ಬೂಸ್ಟ್, ಮಲಗಿದ ಕೋರ್‌ಗಳು ಉಳಿಸಿದ ವಿದ್ಯುತ್ ಮತ್ತು ಶಾಖದ ಪಾಲನ್ನು ಎಚ್ಚರವಿರುವ ಕೋರ್‌ಗೆ ವರ್ಗಾಯಿಸಿ ಅದನ್ನು ಇನ್ನಷ್ಟು ವೇಗವಾಗಿ ಓಡಿಸುತ್ತದೆ. ಯಾರೂ ಮಲಗದಿದ್ದರೆ ಆ ಹೆಚ್ಚುವರಿ ವೇಗ ಪೂರ್ತಿ ದಕ್ಕುವುದಿಲ್ಲ. ಇಷ್ಟೇ ತಡವನ್ನು ಸಹಿಸುತ್ತೇನೆ ಎಂದು ಪ್ರೋಗ್ರಾಂ ಲಿನಕ್ಸ್‌ಗೆ ತಿಳಿಸುವ ಸೌಲಭ್ಯವೂ ಇದೆ. ಹೀಗಿರುವಾಗ ಬೇಕಾದ ಹೊತ್ತಿಗೆ ಮಿತಿ ಹಾಕುವುದು ಬಿಟ್ಟು ಸಾರಾಸಗಟಾಗಿ ನಿದ್ದೆಗೆಡಿಸುವುದು ಸೋಮಾರಿತನ.

ಒಂದು ಚಿಪ್‌ನಲ್ಲಿ ಉಳಿಯುವುದು ಕೆಲವು ವಾಟ್ ತಾನೇ ಎಂಬ ಇನ್ನೊಂದು ಆಕ್ಷೇಪವೂ ನಿಲ್ಲುವುದಿಲ್ಲ. ತೆಳು ಲ್ಯಾಪ್‌ಟಾಪ್‌ನಲ್ಲಿ ಆ ಕೆಲವು ವಾಟ್‌ಗಳೇ ಬ್ಯಾಟರಿಯ ಆಯಸ್ಸು. ದೊಡ್ಡ ಡೇಟಾ ಸೆಂಟರುಗಳ ಸಂಗತಿ ಇನ್ನೂ ಗಂಭೀರ. ಅಲ್ಲಿನ ಸರ್ವರುಗಳು ಬಹುತೇಕ ಹೊತ್ತು ತಮ್ಮ ಸಾಮರ್ಥ್ಯದ ಶೇ. 10ರಿಂದ 50ರಷ್ಟೇ ದುಡಿಯುತ್ತವೆ, ಸುಮ್ಮನಿದ್ದಾಗಲೂ ಗರಿಷ್ಠ ಬಳಕೆಯ ಸುಮಾರು ಅರ್ಧದಷ್ಟು ವಿದ್ಯುತ್ ನುಂಗುತ್ತವೆ ಎಂದು ಗೂಗಲ್‌ನ ಲೂಯಿಸ್ ಬರೋಸೊ ಮತ್ತು ಉರ್ಸ್ ಹೋಲ್ಝ್ಲೆ 2007ರಲ್ಲೇ ತೋರಿಸಿದ್ದರು. ಅಲ್ಲಿಯೂ ಬಿಡುವಿದೆ, ನಿದ್ದೆ ಹೋಗುವಷ್ಟು ಉದ್ದದ್ದಲ್ಲ.

ಹಾಗಾಗಿ ಹೊಣೆ ಚಿಪ್ ಮಾಡುವವರೊಬ್ಬರದ್ದೇ ಅಲ್ಲ, ಪ್ರೋಗ್ರಾಂ ಬರೆಯುವವರದ್ದೂ ಹೌದು. ಏನಾದರೂ ಬಂತೇ ಎಂದು ಪದೇ ಪದೇ ಇಣುಕುವ ಬದಲು, ಬಂದಾಗ ಎಬ್ಬಿಸು ಎಂದು ಆಪರೇಟಿಂಗ್ ಸಿಸ್ಟಂಗೆ ಹೇಳಿಟ್ಟರೆ ಸಾಕು. ತುರ್ತಿಲ್ಲದ ಟೈಮರುಗಳನ್ನು ಒಟ್ಟುಗೂಡಿಸಿ ಒಂದೇ ಸಲ ಎಬ್ಬಿಸುವ ಏರ್ಪಾಡನ್ನು ಆಪಲ್ 2013ರಲ್ಲೇ ಮ್ಯಾಕ್‌ಗೆ ತಂದಿತು. ಬಳಕೆದಾರರೂ ಲಿನಕ್ಸ್‌ನಲ್ಲಿ ಪವರ್‌ಟಾಪ್, ಮ್ಯಾಕ್‌ನಲ್ಲಿ ಆಕ್ಟಿವಿಟಿ ಮಾನಿಟರ್ ತೆರೆದರೆ ಯಾವ ಪ್ರೋಗ್ರಾಂ ಎಷ್ಟು ಸಲ ಪ್ರೊಸೆಸರನ್ನು ಎಬ್ಬಿಸುತ್ತಿದೆ ಎಂದು ನೋಡಬಹುದು. ಬ್ಯಾಟರಿ ಬೇಗ ಇಳಿಯುತ್ತಿದೆ ಎಂದು ಹೊಸದನ್ನು ಕೊಳ್ಳುವ ಮುನ್ನ ಆ ಪಟ್ಟಿಯನ್ನೊಮ್ಮೆ ತೆರೆದು, ಕಾರಣವಿಲ್ಲದೆ ಎಬ್ಬಿಸುತ್ತಿರುವುದನ್ನು ಮುಚ್ಚಿಬಿಡಿ.